ಗಾದಿ ಉಳಿಸಿಕೊಂಡ ಅಂಗಡಿ

ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿಗಳಿಗೆ ಮುಖ ಸಣ್ಣದು, ಹೊಟ್ಟೆ ಉದ್ದ. ಅಲ್ಲಿನ ಗಲ್ಲಿಯೊಂದರ ಪುಟ್ಟ ಅಂಗಡಿ ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡು ಹೊಸದಾಗಿದೆ. ಇಂಥ ಕಡೆ ಸಾಮಾನ್ಯವಾಗಿ ಗಾಜು, ಫಾಲ್ಸ್ ಸೀಲಿಂಗ್, ಎರಡು ಬೊಂಬೆ ಬಂದು ನಿಲ್ಲುತ್ತವೆ, ಹಳೆಯದೆಲ್ಲ ಗುಜರಿಗೆ.

ಇಲ್ಲಿ ಬಿಳಿ ಹೊದಿಕೆಯ ಗಾದಿ ಉಳಿದಿದೆ. 5.5 ಮೀಟರ್ ಸೀರೆಯನ್ನು ಒಂದೇ ಬೀಸಿಗೆ ಹರವಿ ಸೆರಗು, ಅಂಚು, ಒಡಲು ಮೂರನ್ನೂ ತೋರಿಸುವುದು ಕೌಂಟರಿನ ಮೇಲೆ ಆಗುವ ಕೆಲಸವಲ್ಲ. ಮಂಡಿನೋವಿನವರೂ ಕಾಲು ಇಳಿಬಿಟ್ಟು ಕೂರಲೆಂದು ಗಾದಿಯನ್ನೇ ಕುರ್ಚಿಯೆತ್ತರಕ್ಕೆ ಏರಿಸಿದ್ದಾರೆ.

ನನಗೆ ತೀರಾ ಹಿಡಿಸಿದ್ದು ಬೆಳಕು. ಹಳದಿ ದೀಪದಡಿ ಕಡುನೀಲಿ ಕಪ್ಪಾಗಿ ಕಾಣುತ್ತದೆ; ಅದಕ್ಕೇ ಹೆಂಗಸರು ಸೀರೆ ಹಿಡಿದು ಬೀದಿಬಾಗಿಲಿಗೆ ಬರುವುದು. ಇಲ್ಲಿ ಗಾದಿಯ ಮೇಲೆ ಹಗಲುಬೆಳಕಿನ ಎಲ್‌ಇಡಿ, ಕನ್ನಡಿಯ ಪಕ್ಕ ಛತ್ರದ ಹಳದಿ ಬೆಳಕಿಗೊಂದು ಸ್ವಿಚ್. ಎರಡರಲ್ಲೂ ನೋಡಿಯೇ ಕೊಳ್ಳಬಹುದು. (ಒಂದೆರಡು ವ್ಯಾಪಾರ ಇದರಿಂದಲೇ ತಪ್ಪೀತು, ಅನ್ನಿ.)

ಗೋಡೆ ಒಡೆದಾಗ ನಡುವೆ ಉಳಿದ ಕಂಬದ ಸುತ್ತ ರವಿಕೆ ಕಣಗಳ ಗೂಡು. ಬಡಗಿಯ ಕೈಚಳಕ ಇರುವುದು ಅಲ್ಲೇ: ಪ್ರತಿ ಗೂಡಿನ ಅಂಚನ್ನೂ ಉಜ್ಜಿ ಗುಂಡಗೆ ಮಾಡಿದ್ದಾರೆ, ಜರಿಯ ಎಳೆ ಸಿಕ್ಕಿಕೊಳ್ಳದು. ಟ್ರಯಲ್ ರೂಮ್ ಮಾತ್ರ ಇಕ್ಕಟ್ಟು. ಕುರ್ತಾ ತೊಟ್ಟುನೋಡಲು ಹೋದರೆ ಮೊಣಕೈ ಗೋಡೆಗೆ ತಾಗುತ್ತದೆ.