28 ಅಂಕದ ಪುಸ್ತಕ

ಪುಸ್ತಕ ವಿಮರ್ಶಕರು ಯಾರೂ ಕೈಗೆತ್ತಿಕೊಳ್ಳದ ಪುಸ್ತಕವೊಂದಿದೆ. ಅದಕ್ಕೆ ರಕ್ಷಾಪುಟವಿಲ್ಲ, ಮುನ್ನುಡಿಯಿಲ್ಲ, ಎಷ್ಟೋ ಸಲ ಬರೆದವರ ಹೆಸರೂ ಇರುವುದಿಲ್ಲ. ಡಿಸೆಂಬರ್ ಕಳೆಯುತ್ತಿದ್ದಂತೆ ದೊಡ್ಡಬಳ್ಳಾಪುರದ ಜೆರಾಕ್ಸ್ ಅಂಗಡಿಗಳಿಂದ ಬಿಸಿಬಿಸಿಯಾಗಿ ಹೊರಬಂದು, ಮೂಲೆಗೊಂದು ಪಿನ್ ಹೊಡೆಸಿಕೊಂಡು, ಹಳ್ಳಿ ಹೈಸ್ಕೂಲುಗಳ ಹತ್ತನೇ ತರಗತಿ ಸೇರುತ್ತದೆ. ಹೆಸರು ‘ಗಣಿತ ಪಾಸಿಂಗ್ ಪ್ಯಾಕೇಜ್’. ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲೂ ಇದರ ಒಡಹುಟ್ಟುಗಳಿವೆ. ಸರ್ಕಾರ ಕೊಟ್ಟ ಎರಡು ಭಾಗಗಳ ಪಠ್ಯಪುಸ್ತಕ ಮಕ್ಕಳ ಚೀಲದಲ್ಲಿರುತ್ತದೆ, ಇದು ಕೈಯಲ್ಲಿರುತ್ತದೆ. ಇಷ್ಟೊಂದು ಓದುಗರಿರುವ ಪುಸ್ತಕವನ್ನು ಪುಸ್ತಕವೆಂದೇ ಎಣಿಸಿ ಓದಬೇಕಾದ್ದು ನ್ಯಾಯ.

ಇದರ ಬುನಾದಿ ಒಂದು ಕೂಡುವ ಲೆಕ್ಕ. ಎಸ್ಸೆಸ್ಸೆಲ್ಸಿ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ. ಉಳಿದ 20 ಶಾಲೆಯಲ್ಲೇ ಸಿಗುವ ಆಂತರಿಕ ಅಂಕ. ಲಿಖಿತದಲ್ಲಿ 28 ಬಂದರೆ ದಡ ಸೇರಿದಂತೆ ಎಂಬುದು ಬಹುಕಾಲದ ನಿಯಮವಾಗಿತ್ತು. ಉತ್ತೀರ್ಣತೆಯ ಮಟ್ಟವನ್ನು ಶೇ 35ರಿಂದ 33ಕ್ಕೆ ಇಳಿಸುವುದಾಗಿ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಆದರೆ ಪ್ಯಾಕೇಜು ಹುಟ್ಟಿ ಬೆಳೆದದ್ದು 28ರ ಲೆಕ್ಕದಲ್ಲೇ. ಪ್ರಶ್ನೆಪತ್ರಿಕೆಯಲ್ಲಿ 38 ಪ್ರಶ್ನೆಗಳು: 1 ಅಂಕದವು 16, 2 ಅಂಕದವು 8, 3 ಅಂಕದವು 9, 4 ಅಂಕದವು 4, 5 ಅಂಕದ್ದು ಒಂದೇ ಒಂದು. ಇವುಗಳಲ್ಲಿ ಖಾಯಂ ಗಿರಾಕಿಗಳು ಯಾರೆಂದು ಮೇಷ್ಟ್ರುಗಳಿಗೆ ಗೊತ್ತು. ನಕ್ಷೆಯ ಲೆಕ್ಕಕ್ಕೆ 4, ಥೇಲ್ಸ್ ಪ್ರಮೇಯಕ್ಕೆ 4, ಸ್ಪರ್ಶಕದ ಪ್ರಮೇಯಕ್ಕೆ 3, ಸರಾಸರಿಗೋ ಬಹುಲಕಕ್ಕೋ 3. ಸಮಾಂತರ ಶ್ರೇಢಿ, ಜೋಡಿ ಸಮೀಕರಣ, ವರ್ಗ ಸಮೀಕರಣದ ಸೂತ್ರ, ದೂರದ ಸೂತ್ರ, ಸಂಭವನೀಯತೆಗೆ ತಲಾ 2. ಅಲ್ಲಿಗೆ 24. ಬರೀ ಸೂತ್ರ ಬರೆದರೆ ಸಿಗುವ ಒಂದಂಕದ ನಾಲ್ಕನ್ನು ಸೇರಿಸಿದರೆ 28. ವರ್ಷದಿಂದ ವರ್ಷಕ್ಕೆ ಒಂದೆರಡು ಅಂಕ ಆಚೀಚೆಯಾದರೂ ಪ್ಯಾಕೇಜಿನ ಹಂದರ ಇದೇ.

ಇದನ್ನು ಹಳಿಯುವುದು ಸುಲಭ. ನಾನು ಮೊದಲು ಹೊಗಳುತ್ತೇನೆ. ಎಂಟನೇ ತರಗತಿಗೆ ಬರುವಾಗಲೇ ಭಿನ್ನರಾಶಿ ಕೂಡಲು ಬಾರದ, ಋಣಚಿಹ್ನೆ ಕಂಡರೆ ಕೈ ನಡುಗುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಅಂಥ ಮಗುವಿನ ಮುಂದೆ ಪಠ್ಯಪುಸ್ತಕದ ಅಷ್ಟೂ ಅಧ್ಯಾಯಗಳನ್ನು ಹರಡಿ ‘ಇಷ್ಟೂ ಕಲಿ’ ಎನ್ನುವುದರಲ್ಲಿ ಕರುಣೆಯಿಲ್ಲ. ಪ್ಯಾಕೇಜು ‘ಇಷ್ಟು ಮಾಡು, ಸಾಕು’ ಎನ್ನುತ್ತದೆ. ಅದರ ಭಾಷೆಯೂ ಮಗುವಿಗೆ ಹತ್ತಿರ. ಪಠ್ಯದಲ್ಲಿ ‘ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿಗಳು’ ಎಂಬ ಶೀರ್ಷಿಕೆ ಓದಿ ಮುಗಿಸುವಷ್ಟರಲ್ಲಿ ಉಸಿರು ಹೋಗುತ್ತದೆ; ಇಲ್ಲಿ ‘ಎಕ್ಸ್ ವೈ ಲೆಕ್ಕ’ ಎಂದರೆ ಮುಗಿಯಿತು. ಸಂಜೆ ಮಗ್ಗದ ಮನೆಯಲ್ಲಿ ಅಪ್ಪನ ಜೊತೆ ನಿಲ್ಲಬೇಕಾದ ಹುಡುಗನಿಗೂ, ಹೂವು ಕೊಯ್ದು ಶಾಲೆಗೆ ಬರುವ ಹುಡುಗಿಗೂ ಅದು ಒಂದು ಬಾಗಿಲು ತೋರಿಸಿದೆ. ಹೈಸ್ಕೂಲು ದಾಟದೆ ನಿಂತುಬಿಡಬಹುದಾಗಿದ್ದ ಎಷ್ಟೋ ಮಕ್ಕಳು ಆ ಬಾಗಿಲಿನಿಂದಲೇ ಪಿಯುಸಿಗೋ ಐಟಿಐಗೋ ಹೋದರು.

ಆದರೆ ಬಾಗಿಲಿನ ಆಚೆ ಏನಿದೆ? ಥೇಲ್ಸ್ ಪ್ರಮೇಯದ ಪುಟವನ್ನೇ ತೆಗೆಯಿರಿ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಅದು ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಕಡಿಯುತ್ತದೆ ಎಂಬುದು ಪ್ರಮೇಯ. ಪ್ಯಾಕೇಜಿನಲ್ಲಿ ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಐದು ಮೆಟ್ಟಿಲು. ಮೊದಲ ನಾಲ್ಕಕ್ಕೆ ಸಾಧಾರಣವಾಗಿ ತಲಾ ಅರ್ಧ ಅಂಕ. ಅಂದರೆ ತರ್ಕದ ಒಂದು ಸಾಲನ್ನೂ ಬರೆಯದೆ ಪ್ರಮೇಯದ ಅರ್ಧ ಅಂಕಗಳು ಜೇಬಿಗೆ ಬಿದ್ದವು. ಸಾಧನೆಯ ಜೀವ ಇರುವುದು ಒಂದೇ ಸಾಲಿನಲ್ಲಿ: ಒಂದೇ ಪಾದದ ಮೇಲೆ, ಎರಡು ಸಮಾಂತರ ರೇಖೆಗಳ ನಡುವೆ ನಿಂತ ತ್ರಿಭುಜಗಳ ವಿಸ್ತೀರ್ಣ ಸಮ. ಬೆಂಗಳೂರು ಗ್ರಾಮಾಂತರದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಮಾತು ಬೇಕೆ? ಮನೆಯಲ್ಲಿ ಬೆಳಗಾದರೆ ಜಮೀನಿನ ಮಾತು. 33 ಅಡಿಗೆ 33 ಅಡಿಯಾದರೆ 1,089 ಚದರಡಿ, ಅದು ಒಂದು ಗುಂಟೆ. 40 ಗುಂಟೆ ಒಂದು ಎಕರೆ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಕಡೆ ಒಂದೊಂದು ಗುಂಟೆಗೂ ಮನೆಮಂದಿ ಕೂತು ಮಾತಾಡುತ್ತಾರೆ. ಎರಡು ಸಮಾಂತರ ಬದುಗಳ ನಡುವೆ ಮೂಲೆಕಲ್ಲನ್ನು ಬದುವಿನುದ್ದಕ್ಕೂ ಎಷ್ಟೇ ಸರಿಸಿದರೂ ತ್ರಿಕೋನದ ತುಂಡಿನ ಅಳತೆ ಬದಲಾಗದು ಎಂದರೆ ಯಾವ ಮಗುವಿನ ಕಣ್ಣು ಅರಳದು? ಪ್ಯಾಕೇಜಿನಲ್ಲಿ ಆ ಸಾಲು ಆವರಣದೊಳಗೆ ಕುಳಿತ ಒಂದು ಕಾರಣ, ಅಷ್ಟೆ.

ಪಠ್ಯಪುಸ್ತಕಕ್ಕೆ ಈ ಪಾಪದಿಂದ ಬಿಡುಗಡೆಯುಂಟೆ? ಅರ್ಧ ಉಂಟು. ಎನ್‌ಸಿಇಆರ್‌ಟಿ ಪುಸ್ತಕವನ್ನೇ ಕನ್ನಡಕ್ಕೆ ತಂದ ನಮ್ಮ ಪಠ್ಯದಲ್ಲಿ ಈ ಪ್ರಮೇಯಕ್ಕೆ ಮುಂಚೆ ಒಂದು ಸೊಗಸಾದ ಚಟುವಟಿಕೆಯಿದೆ: ಒಂದು ಕೋನ ಬರೆದು, ಒಂದು ಭುಜದ ಮೇಲೆ ಐದು ಸಮಭಾಗ ಗುರುತಿಸಿ, ಸಮಾಂತರ ಗೆರೆ ಎಳೆದು, ಇನ್ನೊಂದು ಭುಜದ ತುಂಡುಗಳನ್ನು ಅಳೆದು ನೋಡುವುದು. ಎರಡೂ ಕಡೆ 3ಕ್ಕೆ 2ರ ಅನುಪಾತ ಬರುತ್ತದೆ. ಅರ್ಧ ಗಂಟೆಯ ಕೆಲಸ. ಆದರೆ ಅದೇ ಪುಸ್ತಕ ವರ್ಗ ಸಮೀಕರಣಕ್ಕೆ ಬಂದಾಗ ಪ್ರವಾಹದ ವಿರುದ್ಧ 24 ಕಿ.ಮೀ. ಹೋಗುವ ಮೋಟಾರು ದೋಣಿಯನ್ನು ತರುತ್ತಿತ್ತು. ಅರ್ಕಾವತಿ ಒಣಗಿದ ಊರಿನ ಮಗು ಆ ದೋಣಿಯನ್ನು ಸೂತ್ರವಾಗಿ ಮಾತ್ರ ನೋಡಬಲ್ಲದು. ಎನ್‌ಸಿಇಆರ್‌ಟಿಯ ಹಳೆಯ ಆವೃತ್ತಿ ತ್ರಿಕೋನಮಿತಿಯ ಅನ್ವಯ ಹೇಳಲು ಹಿಮಾಲಯದ ಶಿಖರ ಅಳೆದ ಮಹಾ ಸರ್ವೇಕ್ಷಣೆಯನ್ನು ನೆನೆಯುತ್ತಿತ್ತು. ಆ ಸರ್ವೇಕ್ಷಣೆಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲೇ ಇಲ್ಲಿ, ಬೆಂಗಳೂರಿನ ಪಕ್ಕದಲ್ಲೇ, ಆಧಾರರೇಖೆ ಅಳೆದಿದ್ದ. ಶಿವಗಂಗೆ ಬೆಟ್ಟ ನೋಡಿಕೊಂಡು ಬೆಳೆದ ಮಗುವಿಗೆ ಅದನ್ನು ಹೇಳಿಕೊಡುವ ಜಾಗ ಕನ್ನಡ ಆವೃತ್ತಿಯಲ್ಲಿ ಮಾಡಿಕೊಳ್ಳಬಹುದಿತ್ತು.

ಆದರೂ ಪ್ಯಾಕೇಜಿನ ನಿಜವಾದ ಕರ್ತೃ ಮೇಷ್ಟ್ರಲ್ಲ, ಪ್ರಶ್ನೆಪತ್ರಿಕೆ. ಯಾವ ಪ್ರಶ್ನೆ ಎಲ್ಲಿ ಕೂರುತ್ತದೆಂದು ಮೊದಲೇ ಗೊತ್ತಿರುವಾಗ ಆಸನಗಳಿಗೆ ತಕ್ಕ ಉತ್ತರ ಹೊಲಿಯುವ ದರ್ಜಿ ಹುಟ್ಟದಿರುತ್ತಾನೆಯೆ? ಅದರ ಮೇಲೆ ಫಲಿತಾಂಶದ ಒತ್ತಡ. 2023ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಶೇ 96.48 ಪಡೆದು ರಾಜ್ಯಕ್ಕೆ ನಾಲ್ಕನೆಯದಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ಜಿಲ್ಲೆಯ ಪ್ರಮಾಣ ಶೇ 83.67ಕ್ಕೆ, ರಾಜ್ಯದ್ದು ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಇವು ಎಲ್ಲ ವಿಷಯಗಳೂ ಸೇರಿದ ಅಂಕಿಗಳು. ಆದರೆ ಇಂಥ ಕುಸಿತದ ಮರುವರ್ಷ ಶಾಲೆಯೊಂದು ಏನು ಮಾಡುತ್ತದೆಂದು ಊಹಿಸುವುದು ಕಷ್ಟವಲ್ಲ. ಪ್ಯಾಕೇಜು ಇನ್ನಷ್ಟು ತೆಳುವಾಗುತ್ತದೆ, ವಿಶೇಷ ತರಗತಿ ಇನ್ನಷ್ಟು ಉದ್ದವಾಗುತ್ತದೆ.

ಸಿಬಿಎಸ್‌ಇ 2020ರ ಪರೀಕ್ಷೆಯಿಂದ ಗಣಿತವನ್ನು ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಮಾಡಿತು. ನಮ್ಮ ಪ್ಯಾಕೇಜು ಯಾರ ಅಪ್ಪಣೆಯನ್ನೂ ಕೇಳದೆ ಅದೇ ಕೆಲಸ ಮಾಡಿದೆ ಎನ್ನಬಹುದು. ಆದರೆ ಬೇಸಿಕ್ ಪತ್ರಿಕೆಗೆ ತನ್ನದೇ ಆದ ಒಂದು ಪೂರ್ಣತೆಯಿದೆ. ಪ್ಯಾಕೇಜು ಪೂರ್ಣ ಪತ್ರಿಕೆಯ ಚೂರುಗಳ ಗಂಟು. ಹಾಗೆಂದು ನಮಗೂ ಎರಡು ಪತ್ರಿಕೆ ಬೇಕೆಂದು ನಾನು ಹೇಳಲಾರೆ. ಹದಿನೈದರ ವಯಸ್ಸಿಗೇ ಹಳ್ಳಿ ಶಾಲೆಗಳೆಲ್ಲ ಬೇಸಿಕ್ ಪಾಲಿಗೆ ಬೀಳುವ ಅಪಾಯ ಅದರಲ್ಲಿದೆ.

ಬೇಕಾದ್ದು ಪ್ರಶ್ನೆಗಳ ಪ್ಯಾಕೇಜಲ್ಲ, ವಿಚಾರಗಳ ಪ್ಯಾಕೇಜು. ಆಕಾರ ಒಂದೇ ಆದರೆ ಅನುಪಾತ ಒಂದೇ ಎಂಬ ಒಂದು ಮಾತನ್ನು ಹಿಡಿದರೆ ಥೇಲ್ಸ್ ಪ್ರಮೇಯ, ಸಮರೂಪ ತ್ರಿಭುಜ, ತ್ರಿಕೋನಮಿತಿ, ಎತ್ತರ–ದೂರದ ಲೆಕ್ಕ, ನಿರ್ದೇಶಾಂಕದ ಭಾಗ ಪ್ರಮಾಣ ಸೂತ್ರ ಎಲ್ಲವೂ ಒಂದೇ ಎಳೆಯಲ್ಲಿ ಬರುತ್ತವೆ. ಈಗಿನ ಪ್ಯಾಕೇಜಿನಲ್ಲಿ ಇವು ಒಂದಕ್ಕೊಂದು ಗುರುತಿಲ್ಲದ ಪುಟಗಳು. ನೇಯ್ಗೆಯ ಮನೆಯ ಮಗುವಿಗೆ ಇದು ಹೊಸದಲ್ಲ. ಜಕಾರ್ಡ್ ಸೀರೆಯ ಅಂಚಿನ ಚಿತ್ತಾರ ಮೊದಲು ಚೌಕುಳಿ ಕಾಗದದ ಮೇಲೆ ದೊಡ್ಡದಾಗಿ ಮೂಡಿ, ಆಮೇಲೆ ರೇಷ್ಮೆಯಲ್ಲಿ ಸಣ್ಣದಾಗಿ ಇಳಿಯುತ್ತದೆ. ಇಷ್ಟಕ್ಕೆ ಸಮಯವೆಲ್ಲಿ ಎಂದು ಮೇಷ್ಟ್ರು ಕೇಳುತ್ತಾರೆ. ಅವರ ಪ್ರಶ್ನೆ ನಿಜ. ಜನವರಿಯಲ್ಲಿ ಸಮಯವಿಲ್ಲ, ಜೂನ್‌ನಲ್ಲಿ ಇದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತಿದ್ದಾಗ, ಪ್ಯಾಕೇಜನ್ನು ಅಚ್ಚುಕಟ್ಟಾಗಿ ಬಾಯಿಪಾಠ ಮಾಡಿದ್ದ ಹುಡುಗಿಗೆ ಥೇಲ್ಸ್ ತ್ರಿಭುಜವನ್ನೇ ತಲೆಕೆಳಗು ಮಾಡಿ, ಅಕ್ಷರ ಬದಲಿಸಿ ಕೊಟ್ಟೆ. ‘ಸಾರ್, ಇದು ಪ್ಯಾಕೇಜಲ್ಲಿ ಇಲ್ಲ’ ಎಂದಳು. ಆ ದಿನ ಪುಸ್ತಕ ಮುಚ್ಚಿಸಿ ಅಂಗಳದಲ್ಲಿ ಕಡ್ಡಿಯ ನೆರಳು, ತೆಂಗಿನ ಮರದ ನೆರಳು ಅಳೆದೆವು. ಮರುವಾರ ಅದೇ ತಲೆಕೆಳಗಿನ ತ್ರಿಭುಜ ಕೊಟ್ಟಾಗ ಸ್ವಲ್ಪ ಹೊತ್ತು ನೋಡಿ, ‘ಅಕ್ಷರ ಯಾವ್ದಾದ್ರೇನು ಸಾರ್, ಗೆರೆ ಪ್ಯಾರಲಲ್ ಐತಲ್ಲ’ ಎಂದಳು. ಆಮೇಲೆ ಪೆನ್ಸಿಲ್ ಎತ್ತಿ ಕೇಳಿದಳು: ‘ಹಿಂಗೆ ಬರುದ್ರೆ ಎಷ್ಟು ಮಾರ್ಕ್ಸು ಕೊಡ್ತಾರೆ?’ ಕೀ ಉತ್ತರದಲ್ಲಿ ಆ ಸಾಲಿಗೆ ಜಾಗವಿರಲಿಲ್ಲ. ದತ್ತ, ಸಾಧನೀಯ, ರಚನೆ ಬರೆಯುವುದನ್ನು ಮರೆಯಬೇಡ ಎಂದಷ್ಟೇ ಹೇಳಿದೆ.