ಹಂದಿ ಯಾರದು?

ಲೇಪಾಕ್ಷಿಗೆ ಹೋದವರೆಲ್ಲ ನೆಲಕ್ಕೆ ಪೂರ್ತಿ ತಾಗದ ಆ ಕಂಬದ ಅಡಿಯಲ್ಲಿ ಬಟ್ಟೆ ತೂರಿಸಿ ನೋಡುತ್ತಾರೆ. ನಾನೂ ಸೆರಗು ತೂರಿಸಿ ನೋಡಿದೆ. ಆಮೇಲೆ ಕತ್ತೆತ್ತಿ ಛಾವಣಿ ನೋಡಿದವಳಿಗೆ ಕತ್ತು ಇಳಿಸಲು ಮನಸ್ಸಾಗಲಿಲ್ಲ.

ಹಿಂದೂಪುರದ ಹತ್ತಿರದ ಈ ವೀರಭದ್ರ ಗುಡಿಯನ್ನು ಕಟ್ಟಿಸಿದವನು ಅಚ್ಯುತರಾಯನ ಕಾಲದ (1529–1542) ವಿಜಯನಗರದ ಅಧಿಕಾರಿ ವಿರೂಪಣ್ಣ. ಸುಣ್ಣದ ಗಾರೆಯ ಮೇಲೆ ಕಾವಿ, ಹಳದಿ, ಕಪ್ಪು, ಬಿಳಿ. ಎಷ್ಟೋ ಕಡೆ ಗಾರೆ ಉದುರಿದೆ. ಹೆಂಗಸರ ಸೀರೆಗಳನ್ನು ನೋಡುತ್ತಲೇ ಒಂದು ತಾಸು ಕಳೆಯಬಹುದು, ಅಷ್ಟು ಬಗೆಯ ಅಂಚು, ಅಷ್ಟು ಬಗೆಯ ಹೂವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಿರಾತಾರ್ಜುನರ ಬೇಟೆ.

ಬಯಲಾಟ ನೋಡಿ ಬೆಳೆದವಳಿಗೆ ಕಥೆ ಹೊಸದಲ್ಲ. ಒಂದು ಹಂದಿ, ಎರಡು ಬಾಣ. ನಾನು ಹೊಡೆದದ್ದು ಎನ್ನುತ್ತಾನೆ ಅರ್ಜುನ. ನನ್ನ ಕಾಡು, ನನ್ನ ಬೇಟೆ ಎನ್ನುತ್ತಾನೆ ಬೇಡ. ನಮ್ಮ ಹಟ್ಟಿಕೇರಿಯಲ್ಲಿ ನಾನು ಸಣ್ಣವಳಿದ್ದಾಗ ಇದೇ ಜಗಳ ಬಾಯಿ ತೆರೆಯದೆ ಮುಗಿಯುತ್ತಿತ್ತು. ಗದ್ದೆ ಹಾಳಾದದ್ದು ಗೇಣಿದಾರರದು, ರಾತ್ರಿಯಿಡೀ ಮಾಳದಲ್ಲಿ ನಿದ್ದೆಗೆಟ್ಟವರು ಅವರು, ಸೋವಿದವರೂ ಅವರೇ. ಕೋವಿ ಮಾತ್ರ ಒಡೆಯರದು. ಹಾಗಾಗಿ ತೊಡೆಯೂ ಒಡೆಯರ ಮನೆಗೆ. ‘ಯಾರ ಹಂದಿ?’ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಚಿತ್ರದಲ್ಲಿ ಬೇಡ ಕೇಳುತ್ತಾನೆ, ಗೆಲ್ಲುತ್ತಾನೆ ಕೂಡ. ರಾಜಕುಮಾರ ಸೋಲುವ ಕಥೆಯನ್ನು ಅಧಿಕಾರಿಯೊಬ್ಬ ತನ್ನ ಗುಡಿಯಲ್ಲಿ ಬರೆಸಿದನಲ್ಲ ಎಂದು ಮೊದಲು ಖುಷಿಯಾಯಿತು. ನಿಂತು ಯೋಚಿಸಿದರೆ ಖುಷಿ ಅರ್ಧವಾಯಿತು. ಬೇಡ ಶಿವನಾಗಿದ್ದಕ್ಕೆ ತಾನೇ ಗೆದ್ದದ್ದು? ಬರೀ ಬೇಡನಾಗಿದ್ದರೆ ಅವನನ್ನು ಛಾವಣಿಗೆ ಏರಿಸುವವರು ಯಾರು? ಅದೇ ಗುಡಿಯಲ್ಲಿ ವಿರೂಪಣ್ಣ ತಮ್ಮ ವೀರಣ್ಣನೊಡನೆ ದೇವರ ಮುಂದೆ ಚಿತ್ರವಾಗಿ ನಿಂತಿದ್ದಾನೆ. ಬರೆದವರ ಹೆಸರು ಮಾತ್ರ ನಮ್ಮವರೆಗೆ ಬಂದಿಲ್ಲ.

ಆದರೂ ಆ ಹಂದಿಯನ್ನು ನೋಡಬೇಕು ನೀವು. ದೇವರಿಗೂ ವೀರರಿಗೂ ಹೀಗೇ ನಿಲ್ಲಬೇಕು, ಇಂಥದೇ ಕಿರೀಟ ಇರಬೇಕು ಎಂಬ ಕಟ್ಟುಪಾಡುಂಟು. ಮುಖವೂ ಒಂದೇ ಅಚ್ಚಿನದು. ಹಂದಿಗೆ ಅದೊಂದೂ ಇಲ್ಲ. ಕಲಾವಿದನ ಕೈ ಅಲ್ಲಿ ಸಡಿಲವಾಗಿದೆ: ನಿಗುರಿದ ಬೆನ್ನುಗೂದಲು, ಮುಂದಕ್ಕೆ ನುಗ್ಗುವ ಭಾರದ ಮೈ. ಇದು ಪುರಾಣ ಕೇಳಿ ಬರೆದ ಹಂದಿಯಲ್ಲ. ಇವನೂ ಯಾವುದೋ ಗದ್ದೆಯ ಬದುವಿನಲ್ಲಿ ಅದನ್ನು ಹತ್ತಿರದಿಂದ ಕಂಡು ಹೆದರಿದವನೇ ಇರಬೇಕು.

ಜೊತೆಗೆ ಬಂದ ಸೊಸೆ, ‘ಅತ್ತೆ, ಬಸ್ಸು ತಪ್ಪುತ್ತದೆ’ ಎಂದಳು. ಇನ್ನೊಮ್ಮೆ ಕತ್ತೆತ್ತಿದೆ.