ಬೋವೆನ್ ವಾದಕ್ಕೆ ಲಾಲ್‌ಬಾಗ್ ಬಂಡೆಯ ಒರೆಗಲ್ಲು

ಅಬುಧಾಬಿಯ ಮದೀನತ್ ಜಾಯೆದ್ ಸುತ್ತ ಕಣ್ಣು ಹಾಯಿಸಿದಷ್ಟೂ ಮರಳ ದಿಬ್ಬಗಳು. ಅಲ್ಲಿಂದ ಈಶಾನ್ಯಕ್ಕೆ, ಫುಜೈರಾದ ಹಜರ್ ಬೆಟ್ಟಸಾಲಿಗೆ ಬಂದರೆ ನೋಟವೇ ಬೇರೆ. ಸುಮಾರು 9.5 ಕೋಟಿ ವರ್ಷಗಳ ಹಿಂದೆ ಸಾಗರತಳದಲ್ಲಿ ಹುಟ್ಟಿ, ಬಳಿಕ ಅರೇಬಿಯಾದ ಅಂಚಿನ ಮೇಲೇರಿದ ಬಸಾಲ್ಟ್, ಗ್ಯಾಬ್ರೊ ಶಿಲೆಗಳು ಅಲ್ಲಿವೆ. ಆ ಕಪ್ಪು ಶಿಲೆಯ ನಡುವೆ ಅಲ್ಲಲ್ಲಿ ಪ್ಲೇಜಿಯೊಗ್ರಾನೈಟ್ ಎಂಬ ಬಿಳಿಗಲ್ಲು. ಕಪ್ಪು ಕಲ್ಲಿನ ಒಡಲಲ್ಲಿ ಬಿಳಿಗಲ್ಲು ಹುಟ್ಟಿದ್ದು ಹೇಗೆ?

ಭೂವಿಜ್ಞಾನಿ ನಾರ್ಮನ್ ಬೋವೆನ್ 1928ರಲ್ಲಿ ಪ್ರಕಟಿಸಿದ ಅಗ್ನಿಶಿಲೆಗಳ ವಿಕಾಸ ಕುರಿತ ಪುಸ್ತಕ ಇದಕ್ಕೆ ಗಟ್ಟಿ ಉತ್ತರ ಕೊಟ್ಟಿತು. ಬಸಾಲ್ಟಿನಲ್ಲಿ ಸಿಲಿಕಾ ಸುಮಾರು ಶೇ. 50, ಗ್ರಾನೈಟಿನಲ್ಲಿ ಶೇ. 70ರ ಆಸುಪಾಸು. ಬಸಾಲ್ಟಿನ ಶಿಲಾಪಾಕ ತಣಿಯುವಾಗ ಆಲಿವಿನ್, ಪೈರಾಕ್ಸೀನ್ ಹರಳುಗಳು ಮೊದಲು ಕಟ್ಟಿ ತಳಕ್ಕಿಳಿಯುತ್ತವೆ. ಸಿಲಿಕಾ ತುಂಬಿದ ರಸ ಕೊನೆಗೆ ಉಳಿಯುತ್ತದೆ. ಕುಲುಮೆಯಲ್ಲಿ ಖನಿಜಗಳನ್ನು ಕರಗಿಸಿ ನೋಡಿ ಆಡಿದ ಮಾತಿದು. ಪುಸ್ತಕದ ದೊಡ್ಡ ಬಲವೂ ಅದೇ.

ಕೊರತೆ ಇರುವುದು ಲೆಕ್ಕದಲ್ಲಿ. ಹೀಗೆ ಉಳಿಯುವ ಗ್ರಾನೈಟ್ ರಸ ಮೂಲದ ಹತ್ತನೇ ಒಂದು ಪಾಲು ದಾಟುವುದು ಕಷ್ಟ. ಹಜರ್‌ನ ಸಣ್ಣ ತುಣುಕುಗಳಿಗೆ ಅಷ್ಟು ಸಾಕು. ದಕ್ಷಿಣ ಕರ್ನಾಟಕಕ್ಕೆ ಸಾಲದು.

ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟ, ಗ್ರಾನೈಟ್ ಬಗೆಯ ಈ ಶಿಲೆ ಹರಡಿರುವ ನೆಲ ಅಪಾರ. ತಣಿದ ರಸದ ಕೊನೆಯ ಪಾಲೇ ಇಷ್ಟಾಗಿದ್ದರೆ, ಅದರ ಒಂಬತ್ತು ಪಟ್ಟು ಕಪ್ಪು ಶಿಲೆ ಎಲ್ಲಿ ಹೋಯಿತು?

ಆದ್ದರಿಂದ ಇಂಥ ಪ್ರಾಚೀನ ಶಿಲೆಗಳಿಗೆ ಇಂದಿನ ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವುದು ತಿರುಗುಮುರುಗಾದ ದಾರಿಯನ್ನು: ತಣಿಯುವುದಲ್ಲ, ಅರೆಬರೆ ಕರಗುವುದು. ಬೆಣ್ಣೆ ಕಾಯಿಸಿದಾಗ ತುಪ್ಪ ತಿಳಿಯಾಗಿ ಮೇಲೆ ನಿಂತು ಗಸಿ ತಳ ಹಿಡಿಯುವಂತೆ, ಆಳಕ್ಕಿಳಿದ ಹಳೆಯ ಬಸಾಲ್ಟ್ ಮತ್ತೆ ಕಾಯುತ್ತದೆ. ಅದರ ಹಾರ್ನ್‌ಬ್ಲೆಂಡ್ ಖನಿಜ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ನೀರು ಬೆರೆತ ಕಲ್ಲು ಕಡಿಮೆ ಶಾಖಕ್ಕೇ ಕರಗುತ್ತದೆ. ಹಗುರ ರಸ ಮೇಲೇರಿ, ಗಾರ್ನೆಟ್, ಪೈರಾಕ್ಸೀನ್ ಕೆಳಗುಳಿಯುತ್ತವೆ. ಇಂಥ ಅನೇಕ ನೈಸ್‌ಗಳಲ್ಲಿ ಯಿಟ್ರಿಯಂ ಧಾತು ಬಹಳ ಕಡಿಮೆ. ಅದನ್ನು ಹಿಡಿದಿಟ್ಟುಕೊಳ್ಳುವ ಗಾರ್ನೆಟ್ ಆಳದಲ್ಲೇ ಉಳಿದದ್ದಕ್ಕೆ ಇದು ಸಾಕ್ಷಿ.

ಬೋವೆನ್ ಒಂದೇ ವಾದಕ್ಕೆ ಅಂಟಿಕೊಂಡು ಕೂರಲಿಲ್ಲ. ಸಹಸಂಶೋಧಕ ಟಟಲ್ ಜೊತೆ ಅವರು ನಡೆಸಿದ, 1958ರಲ್ಲಿ ಅವರ ಮರಣಾನಂತರ ಪ್ರಕಟವಾದ ಪ್ರಯೋಗಗಳು ಕರಗುವಿಕೆಯ ದಾರಿಗೂ ಬಲ ತಂದವು.

1928ರ ಪುಸ್ತಕ ಪ್ರಯೋಗದ ಶಿಸ್ತಿನಲ್ಲಿ ಇಂದಿಗೂ ಮೇಲ್ಪಂಕ್ತಿ. ಆದರೆ ಲಾಲ್‌ಬಾಗ್ ಬಂಡೆಯ ಹುಟ್ಟನ್ನು ಅದೊಂದರಿಂದಲೇ ವಿವರಿಸಲು ಆಗದು.